610ನೇ ನಂಬರಿನ ಮನೆ ಮತ್ತು ಕೊನೆಯ ಒಂದು ಫೋನ್

2014ರ ಅಕ್ಟೋಬರ್ 6, ಸೋಮವಾರ. ಬೆಳಗ್ಗೆ ಎಂಟಕ್ಕೆ ಫ್ಲಿಪ್‌ಕಾರ್ಟ್ ತನ್ನ ಮೊದಲ 'ಬಿಗ್ ಬಿಲಿಯನ್ ಡೇ' ಮಾರಾಟ ಶುರುಮಾಡಿತು. ತಾರೀಕಿನ ಹಿಂದೊಂದು ಸೆಂಟಿಮೆಂಟ್ ಇತ್ತು: ಕೋರಮಂಗಲದಲ್ಲಿ ಕಂಪನಿ ಹುಟ್ಟಿದ ಮನೆಯ ನಂಬರ್ 610. ಆರನೇ ತಾರೀಕು, ಹತ್ತನೇ ತಿಂಗಳು. ಗ್ರಾಹಕರು ಮುಗಿಬಿದ್ದರು, ಸೈಟ್ ತತ್ತರಿಸಿತು. ಹತ್ತು ಗಂಟೆಯಲ್ಲಿ 600 ಕೋಟಿ ರೂಪಾಯಿ ವ್ಯಾಪಾರವಾಯಿತೆಂದು ಕಂಪನಿ ಹೇಳಿಕೊಂಡಿತಾದರೂ ಮರುದಿನ ಸಂಸ್ಥಾಪಕರಾದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ ಗ್ರಾಹಕರಿಗೆ ಕ್ಷಮಾಪಣೆಯ ಪತ್ರ ಬರೆಯಬೇಕಾಯಿತು. ಸುಮಾರು 5,000 ಸರ್ವರ್ ಹಾಕಿ, ಇಪ್ಪತ್ತು ಪಟ್ಟು ದಟ್ಟಣೆಗೆ ಸಜ್ಜಾಗಿದ್ದರೂ ಸಾಲಲಿಲ್ಲ ಎಂಬುದು ಅದರ ಸಾರಾಂಶ.

ಸರ್ವರ್ ಎಣಿಸುವುದು ಪತ್ರಕ್ಕೆ ಚೆನ್ನ. ನಿಜವಾದ ಗಂಟು ಬೇರೆಡೆ ಇರುತ್ತದೆ.

ಒಂದೇ ಫೋನ್ ಉಳಿದಿದೆ ಅನ್ನಿ. ಒಂದೇ ಕ್ಷಣಕ್ಕೆ ಸಾವಿರ ಜನ ಖರೀದಿಯ ಗುಂಡಿ ಒತ್ತುತ್ತಾರೆ. ಫೋನಿನ ಚಿತ್ರ, ವಿವರ ತೋರಿಸುವುದು ಸಲೀಸು. ನಕಲು ಮಾಡಿ ಕ್ಯಾಶ್ (cache) ಎಂಬ ತಾತ್ಕಾಲಿಕ ಸಂಗ್ರಹದಲ್ಲಿಟ್ಟು ನೂರು ಕಡೆಯಿಂದ ಹಂಚಬಹುದು. 'ಎಷ್ಟು ಉಳಿದಿದೆ' ಎಂಬ ಲೆಕ್ಕವನ್ನು ಹಾಗೆ ಹಂಚಲಾಗದು. ಅದು ಡೇಟಾಬೇಸ್‌ನ ಒಂದೇ ಒಂದು ಸಾಲು. ಒಬ್ಬರು ತಿದ್ದುವಾಗ ಲಾಕ್ ಬೀಳುತ್ತದೆ, ಉಳಿದವರು ಕಾಯಬೇಕು. ಕಾಯುವವರು ಹೆಚ್ಚಿದಂತೆ ಕನೆಕ್ಷನ್‌ಗಳು ಮುಗಿದು ಪೇಮೆಂಟ್, ಲಾಗಿನ್ ಒಂದರ ಹಿಂದೊಂದು ಕುಸಿಯುತ್ತವೆ. ಲಾಕ್ ಸಡಿಲಿಸಿದರೋ, ಒಂದೇ ಫೋನು ಹತ್ತು ಜನಕ್ಕೆ ಮಾರಿಹೋಗುತ್ತದೆ. ಒಂಬತ್ತು ಆರ್ಡರ್ ರದ್ದು. ಆ ಸೋಮವಾರ ಜನ ಬೈದುಕೊಂಡದ್ದರಲ್ಲಿ ಸ್ಟಾಕ್ ಖಾಲಿ, ಆರ್ಡರ್ ರದ್ದು ಎರಡೂ ಇದ್ದವು.

ಬೆಂಗಳೂರಿನ ಪ್ರೀಮಿಯರ್ ಬುಕ್ ಶಾಪ್ ನಡೆಸುತ್ತಿದ್ದ ಟಿ.ಎಸ್. ಶಾನಭಾಗರಿಗೆ ಈ ತಾಪತ್ರಯವಿರಲಿಲ್ಲ. ಎದೆಮಟ್ಟ ಒಟ್ಟಿದ ರಾಶಿಯೊಳಗಿಂದ ಕೇಳಿದ ಪುಸ್ತಕವನ್ನು ಎಳೆದು ಕೊಡುತ್ತಿದ್ದರು. ಲೆಕ್ಕವೆಲ್ಲ ಒಂದೇ ತಲೆಯಲ್ಲಿ, ಗಿರಾಕಿಗಳೂ ಆ ಕಿರಿದಾದ ಅಂಗಡಿ ಹಿಡಿಸುವಷ್ಟೇ. 2009ರಲ್ಲಿ ಅಂಗಡಿ ಮುಚ್ಚಿತು. ಅದಕ್ಕೆ ಫ್ಲಿಪ್‌ಕಾರ್ಟನ್ನು ದೂರುವಂತಿಲ್ಲ; 2007ರಲ್ಲಿ ಹುಟ್ಟಿದ ಆ ಕಂಪನಿ ಆಗಿನ್ನೂ ಪುಸ್ತಕ ಮಾರಿಕೊಂಡು ಕಣ್ಣು ಬಿಡುತ್ತಿತ್ತು. ಆದರೂ ಹೊಟ್ಟೆಯುರಿ ಹೋಗುವುದಿಲ್ಲ.

ಆನ್‌ಲೈನ್ ಮಾರಾಟದಲ್ಲಿ ಫ್ಲಿಪ್‌ಕಾರ್ಟಿನವರೇ ಮೊದಲಿಗರೂ ಅಲ್ಲ. 1999ರಲ್ಲೇ ಬೆಂಗಳೂರಿನಲ್ಲಿ ಫ್ಯಾಬ್‌ಮಾರ್ಟ್ ಆನ್‌ಲೈನ್ ಅಂಗಡಿ ತೆರೆದಿತ್ತು. ಡಯಲ್‌-ಅಪ್ ಕಾಲದಲ್ಲಿ ಜನಜಂಗುಳಿಯ ಭಯ ಯಾರಿಗಿತ್ತು?

ಈಗ ಅಂಥ ಜಂಗುಳಿ ತಾಳಬೇಕಾದ ವ್ಯವಸ್ಥೆ ಕಟ್ಟುವವರು ಮೊದಲು ಹುಡುಕುವುದು ಏನನ್ನು ಕೈಬಿಡಬಹುದು ಎಂಬುದನ್ನು. ಹುಡುಕಾಟ, ಕಾರ್ಟ್, ಸ್ಟಾಕ್, ಪೇಮೆಂಟ್ ಎಲ್ಲವೂ ಬೇರೆ ಬೇರೆ ಸೇವೆಗಳು. ಒತ್ತಡ ಏರಿದರೆ ರಿವ್ಯೂ, ಶಿಫಾರಸುಗಳನ್ನು ನಿಲ್ಲಿಸಿ ಖರೀದಿಯ ದಾರಿಯನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಹಣ ಕಟ್ಟುವ ತನಕ ಕೆಲವು ನಿಮಿಷ ಸರಕನ್ನು ನಿಮ್ಮ ಹೆಸರಿಗೆ ಕಾದಿರಿಸುವುದುಂಟು. ಕಟ್ಟದಿದ್ದರೆ ಅದು ಮುಂದಿನವರ ಪಾಲು.

ಆ ಮೊದಲ ಮಾರಾಟದ ಮರುವರ್ಷ ಫ್ಲಿಪ್‌ಕಾರ್ಟ್ ಒಂದು ದಿನದ ಜಾತ್ರೆಯನ್ನೇ ಐದು ದಿನಕ್ಕೆ ಹಿಗ್ಗಿಸಿತು: ಅಕ್ಟೋಬರ್ 13ರಿಂದ 17. ಕಂಪ್ಯೂಟರ್ ಮುಂದೆ ಕೂತು ಕಾದವರಿಗೆ ಮಾತ್ರ ಆ ಸಲ ಬಾಗಿಲೇ ಇರಲಿಲ್ಲ. ಮಾರಾಟ ಬರೀ ಮೊಬೈಲ್ ಆ್ಯಪ್‌ನಲ್ಲಿ.