ಬಿಸಿಲ ಸೀಮೆಯಲ್ಲಿ ಮನೆಯ ತಂಪು

ಶೀತದೇಶಗಳಲ್ಲಿ ಮನೆಯನ್ನು ಬೆಚ್ಚಗಿಡಲು ಕುಲುಮೆಯೋ ಭೂಶಾಖದ ಪಂಪೋ ಎಂಬ ಚರ್ಚೆಯುಂಟು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಪ್ರಶ್ನೆಯು ತಿರುಗುಮುರುಗಾಗಿದೆ: ಮೇ ತಿಂಗಳಿನಲ್ಲಿ ಉಷ್ಣತೆಯು 40 ಡಿಗ್ರಿ ಮೀರಿದಾಗ ಮನೆಯ ಶಾಖವನ್ನು ಎಲ್ಲಿಗೆ ಅಟ್ಟುವುದು?

ಹವಾನಿಯಂತ್ರಕವು ಅದನ್ನು ಕಾದ ಬೀದಿಗೇ ಚೆಲ್ಲುತ್ತದೆ. ಹೊರಗೆ ಕಾವೇರಿದಷ್ಟೂ ವಿದ್ಯುತ್ತಿನ ವೆಚ್ಚವೂ ಏರುತ್ತದೆ. ಭೂಶಾಖದ ಪಂಪಾದರೋ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಹದದಲ್ಲಿರುವ ನೆಲದಾಳಕ್ಕೆ ಇಳಿಸುತ್ತದೆ. ವಿದ್ಯುತ್ತು ಉಳಿಯುವುದು ನಿಜ. ಆದರೆ ಸುಣ್ಣಗಲ್ಲಿನ ಪದರಗಳನ್ನು ಕೊರೆಯಿಸುವ ಖರ್ಚು ಸಾಮಾನ್ಯ ಗೃಹಸ್ಥನಿಗೆ ಎಟುಕದು. ಮೇಲಾಗಿ, ಚಳಿಗಾಲದಲ್ಲಿ ಆ ಶಾಖವನ್ನು ಮರಳಿ ಪಡೆಯುವ ಅಗತ್ಯ ನಮಗಿಲ್ಲದ ಕಾರಣ ನೆಲವೇ ವರುಷ ವರುಷಕ್ಕೂ ಕಾಯುತ್ತ ಹೋದೀತು.

ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆಗಳು ಹಗಲಿನ ಕಾವನ್ನು ತಡೆದು ಇರುಳಿಗೆ ಬಿಡುತ್ತವೆ. ಆಗ ಕಿಟಕಿ ತೆರೆದರೆ ಮನೆ ತಣಿಯುತ್ತದೆ. ಬೇಸಿಗೆಯ ಒಣಹವೆಯಲ್ಲಿ ನೀರಿನ ಕೂಲರೂ ಅಲ್ಪ ವೆಚ್ಚದಲ್ಲಿ ಫಲಕಾರಿ. ನೀರಿನ ಅಭಾವವೊಂದೇ ಅದಕ್ಕೆ ತೊಡಕು. ತಗಡಿನ ಸೂರಿನಡಿ ಬೇಯುವ ಕೂಲಿಕಾರನಿಗೆ ಮಾತ್ರ ಈ ಯಾವ ಆಯ್ಕೆಯೂ ಇಲ್ಲ.

ಆದುದರಿಂದ ಮಾಳಿಗೆಗೆ ಬಿಳಿ ಸುಣ್ಣ, ಪಡುವಣ ಗೋಡೆಗೆ ನೆರಳು, ತಗಡಿನ ಕೆಳಗೊಂದು ಒಳಸೂರು ಮೊದಲಾಗಲಿ. ಯಂತ್ರವು ಆಮೇಲೆ ಬರಲಿ. ಮನೆ ಕಟ್ಟಿಸಿಕೊಡುವ ಅಧಿಕಾರಿಗಳು ಈ ಕ್ರಮವನ್ನು ಮನಗಾಣಬೇಕೆಂಬುದು ನಮ್ಮ ವಿಜ್ಞಾಪನೆ.