ಒಂದು ಜೀಪಿನ ಜೀರ್ಣೋದ್ಧಾರ

ಮಲೆನಾಡಿನ ಕಾಫಿ ತೋಟಗಳಲ್ಲಿ, ಕಣದ ಅಂಚಿನ ತಗಡಿನ ಮಾಡಿನ ಕೆಳಗೆ, ಗಾಳಿಯಿಳಿದ ಟೈರುಗಳ ಮೇಲೆ ಕುಸಿದು, ಸೀಟುಗಳ ಮೇಲೆ ಗೊಬ್ಬರದ ಚೀಲಗಳನ್ನು ಹೊತ್ತು, ವರ್ಷಾನುವರ್ಷ ನಿಂತಲ್ಲಿಯೇ ನಿಂತಿರುವ ಹಳೆಯ ಜೀಪುಗಳನ್ನು ಕಂಡವರು ಅನೇಕರಿದ್ದಾರೆ. ಆದರೆ ಈ ಪುಟ್ಟ ವಾಹನವು ಹುಟ್ಟುವಾಗ ಟ್ರಕ್ಕೆಂಬ ಹೆಸರನ್ನೇ ಪಡೆದಿತ್ತೆಂಬುದನ್ನು ಬಲ್ಲವರು ವಿರಳ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯವು ತನ್ನ ದಾಖಲೆಗಳಲ್ಲಿ ಇದನ್ನು ನಾಲ್ಕು ಚಕ್ರಗಳಿಗೂ ಚಾಲನೆಯುಳ್ಳ ಕಾಲು ಟನ್ನಿನ ಟ್ರಕ್ಕೆಂದು ನಮೂದಿಸಿತು. 1941ರಿಂದ 1945ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಕಾರ್ಖಾನೆಗಳು ಇಂತಹ 6 ಲಕ್ಷಕ್ಕೂ ಮಿಕ್ಕ ವಾಹನಗಳನ್ನು ನಿರ್ಮಿಸಿದವು. 1947ರಲ್ಲಿ ಮಹೀಂದ್ರಾ ಸಂಸ್ಥೆಯು ವಿಲ್ಲಿಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದ ಮೇಲೆ, ಅದರ ಮೂಲ ವಿನ್ಯಾಸವು ಅಲ್ಪಸ್ವಲ್ಪ ಬದಲಾವಣೆಗಳೊಡನೆ ದಶಕಗಳ ಕಾಲ ನಮ್ಮ ದೇಶದಲ್ಲಿಯೇ ಮುಂದುವರಿಯಿತು. ಅಜ್ಜನ ಕಾಲದ ಜೀಪಿಗೆ ಮೊಮ್ಮಗನ ಕಾಲದ ಜೀಪಿನ ಅಂಗವನ್ನು ಗುಜರಿಯಿಂದ ತಂದು ಕೂಡಿಸುವುದು ಸಾಧ್ಯವಾಗಿರುವುದು ಈ ಕಾರಣದಿಂದಲೇ.

ಇಂತಹ ವಾಹನದ ಹೃದಯವು ಎಂಜಿನ್ನೆಂದು ಸಾಮಾನ್ಯರು ಭಾವಿಸುವುದು ಸಹಜವಾದರೂ, ಜೀಪನ್ನು ಜೀಪಾಗಿಸಿರುವುದು ಗೇರ್ ಪೆಟ್ಟಿಗೆಯ ಬೆನ್ನಿಗಂಟಿರುವ ಟ್ರಾನ್ಸ್‌ಫರ್ ಕೇಸ್ ಎಂಬ ಇನ್ನೊಂದು ಪೆಟ್ಟಿಗೆ. ಎಂಜಿನ್ನಿನಿಂದ ಬಂದ ಶಕ್ತಿಯನ್ನು ಅದು ಹಿಂದಿನ ಆಕ್ಸಲ್‌ಗೂ ಮುಂದಿನ ಆಕ್ಸಲ್‌ಗೂ ಹಂಚುತ್ತದೆ. ಅದರ ಒಂದು ಲಿವರು ಮುಂದಿನ ಚಕ್ರಗಳನ್ನು ಕೆಲಸಕ್ಕೆ ಹೂಡಿದರೆ, ಇನ್ನೊಂದು ವೇಗವನ್ನು ಸುಮಾರು ಅರ್ಧಕ್ಕಿಳಿಸಿ ಎಳೆಯುವ ಬಲವನ್ನು ಸುಮಾರು ಇಮ್ಮಡಿಸುತ್ತದೆ. ಕೊಡಚಾದ್ರಿಯ ಕಲ್ಲುಕೊರಕಲಿನ ದಾರಿಯಲ್ಲಿ ಜೀಪು ತುಂಬಿದ ಜನರೊಡನೆ ನಿಧಾನವಾಗಿ ಏರಿಹೋಗುವುದು ಈ ಎರಡು ಲಿವರುಗಳ ಪ್ರಸಾದ. ಆದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳ ನಡುವೆ ವೇಗದ ವ್ಯತ್ಯಾಸವನ್ನು ಸರಿದೂಗಿಸುವ ಏರ್ಪಾಡು ಇದರಲ್ಲಿಲ್ಲವಾದುದರಿಂದ, ಚಕ್ರಗಳು ಜಾರಲಾರದ ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುವುಗಳನ್ನು ಸುತ್ತಿದರೆ ಗೇರುಗಳು ಬಿಗಿದುಕೊಳ್ಳುತ್ತವೆ. ಹಳೆಯ ಪೆಟ್ಟಿಗೆಗಳು ಅಕಾಲದಲ್ಲಿ ಸವೆಯುವುದಕ್ಕೆ ಈ ಅಜ್ಞಾನವೂ ಒಂದು ಕಾರಣ.

ಬಾಳೆಹೊನ್ನೂರಿನ ಕಡೆಯ ತೋಟವೊಂದರಲ್ಲಿ ಇಂತಹ ಪೆಟ್ಟಿಗೆಯೊಂದನ್ನು ಬಿಚ್ಚುವಾಗ ನಾನು ಹತ್ತಿರವೇ ಕುಳಿತಿದ್ದೆ. ಬಾಣಲೆಗೆ ಇಳಿದ ಕಪ್ಪು ಎಣ್ಣೆಯನ್ನು ಮೇಸ್ತ್ರಿಯು ಬೆರಳಿಂದ ತೆಗೆದು ಬಿಸಿಲಿಗೆ ಹಿಡಿದಾಗ, ಅದರೊಳಗೆ ಹೊಂಬಣ್ಣದ ನವಿರಾದ ಪುಡಿ ಮಿನುಗಿತು. ನಡುವಣ ಗೇರಿನ ಎರಡು ಮಗ್ಗುಲಿಗೂ ಇರುವ ಕಂಚಿನ ವಾಷರುಗಳು ಸವೆದು ಎಣ್ಣೆ ಸೇರಿದ್ದವು. ಯುದ್ಧಕಾಲದ ಜೀಪಿನಲ್ಲಿ ಆ ಗೇರು ತಿರುಗುವ ಶಾಫ್ಟು ಮುಕ್ಕಾಲು ಅಂಗುಲದಷ್ಟೇ ದಪ್ಪವಿದ್ದು, ಮುಂದೆ ತಯಾರಕರೇ ಅದನ್ನು ಹಂತಹಂತವಾಗಿ ಒಂದೂಕಾಲು ಅಂಗುಲಕ್ಕೆ ಏರಿಸಿದರು. ಆದುದರಿಂದ ಅದೇ ತೆಳ್ಳನೆಯ ಶಾಫ್ಟನ್ನು ಅರಸುವ ಬದಲು, ಮುರಿದುಹೋದ ಮತ್ತೊಂದು ಜೀಪಿನಿಂದ ದಪ್ಪ ಶಾಫ್ಟಿನ ಇಡೀ ಪೆಟ್ಟಿಗೆಯನ್ನೇ ತರುವುದು ಲೇಸೆಂದು ನಿರ್ಧಾರವಾಯಿತು.

ಅದು ದೊರೆತದ್ದು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ. ಗುಜರಿಯ ವಸ್ತುವನ್ನು ಪರೀಕ್ಷಿಸುವುದು ಒಂದು ವಿದ್ಯೆಯೇ ಸರಿ. ಮೇಸ್ತ್ರಿಯು ಮೊದಲು ಹೆಬ್ಬೆರಳ ಉಗುರನ್ನು ಶಾಫ್ಟಿನ ಉದ್ದಕ್ಕೂ ಮೆಲ್ಲನೆ ಎಳೆದನು. ಬೇರಿಂಗು ಕೂರುವ ಜಾಗದಲ್ಲಿ ಉಗುರು ಎಡವಿದರೆ ಅದು ಸವೆದ ಶಾಫ್ಟು. ಬಳಿಕ ಎರಕದ ಹೌಸಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಅದರ ಮೇಲೆ ಸೀಮೆಸುಣ್ಣದ ಪುಡಿಯನ್ನು ಸವರಿ ಕಾದನು. ಕಣ್ಣಿಗೆ ಕಾಣದ ಬಿರುಕಿದ್ದಲ್ಲಿ, ಅದರೊಳಗೆ ಅಡಗಿದ ಸೀಮೆಎಣ್ಣೆ ಹೊರಗೆ ಒಸರಿ, ಬಿಳಿಯ ಪುಡಿಯ ಮೇಲೆ ಕಪ್ಪು ಗೆರೆಯನ್ನು ಎಳೆಯುತ್ತದೆ. ಮೊದಲ ಹೌಸಿಂಗಿನಲ್ಲಿ ಆ ಗೆರೆ ಮೂಡಿತು, ಎರಡನೆಯದರಲ್ಲಿ ಮೂಡಲಿಲ್ಲ.

ಇನ್ನು ಮಾರ್ಪಾಡಿನ ವಿಷಯ. ಮೂಲ ಜೀಪಿನಲ್ಲಿ ಒಂದೇ ಬ್ರೇಕ್ ಕೊಳವೆಯ ಜಾಲವು ನಾಲ್ಕು ಚಕ್ರಗಳಿಗೂ ಹೋಗುವುದರಿಂದ, ಎಲ್ಲಿಯೋ ಒಂದೆಡೆ ಎಣ್ಣೆ ಸೋರಿದರೂ ಬ್ರೇಕು ಸಂಪೂರ್ಣ ಕೈಬಿಡುತ್ತದೆ. ತೋಟದ ಯಜಮಾನರು ಡೀಸೆಲ್ ಎಂಜಿನ್ನಿನ ಪ್ರಸ್ತಾಪವನ್ನೆತ್ತಿದಾಗ ಮೇಸ್ತ್ರಿಯು, “ಎಂಜಿನ್ ಮಾತು ಆಮೇಲೆ ಗೌಡ್ರೇ, ಮೊದ್ಲು ಬ್ರೇಕ್ ಹಿಡೀಲಿ” ಎಂದನು. ಮುಂದಿನ ಚಕ್ರಗಳಿಗೂ ಹಿಂದಿನವಕ್ಕೂ ಪ್ರತ್ಯೇಕ ಕೊಳವೆಗಳುಳ್ಳ ಜೋಡಿ ಮಾಸ್ಟರ್ ಸಿಲಿಂಡರು, 6 ವೋಲ್ಟಿನ ಬದಲು 12 ವೋಲ್ಟಿನ ವಿದ್ಯುತ್ ವ್ಯವಸ್ಥೆ, ಹೊಸ ಕಿಂಗ್‌ಪಿನ್ ಬೇರಿಂಗುಗಳು: ಇವು ನಿಜವಾದ ಸುಧಾರಣೆಗಳು. ಎಂಜಿನ್ನಿನ ಬಗೆಗೆ ನನ್ನ ಅಭಿಪ್ರಾಯ ಬೇರೆ. ಮೂಲದ 2199 ಸಿಸಿ ಪೆಟ್ರೋಲ್ ಎಂಜಿನ್ನು 60 ಅಶ್ವಶಕ್ತಿಯನ್ನು ನಿಮಿಷಕ್ಕೆ 4000 ಸುತ್ತುಗಳಲ್ಲಿ ಕೊಡುವಂಥದು. ಅದರ ಓಟಕ್ಕೆ ಹೊಂದುವಂತೆಯೇ ಆಕ್ಸಲ್‌ನ ಗೇರುಗಳನ್ನು ಅಳೆದಿಟ್ಟಿದ್ದಾರೆ. ಅಷ್ಟು ಸುತ್ತಲಾರದ, ತೂಕವೂ ಹೆಚ್ಚಾದ ಡೀಸೆಲ್ ಎಂಜಿನ್ನನ್ನು ಅಲ್ಲಿಗೆ ತುರುಕಿದರೆ, ಮುಂದಿನ ಕಮಾನು ಪಟ್ಟಿಗಳು ಕುಗ್ಗುತ್ತವೆ, ಅದುರುವಿಕೆಯಿಂದ ಚಾಸಿಯ ಬೆಸುಗೆಗಳು ಬಿರಿಯುತ್ತವೆ, ಸಮತಟ್ಟಾದ ರಸ್ತೆಯಲ್ಲಿ ಸಾಧಾರಣ ವೇಗಕ್ಕೇ ಎಂಜಿನ್ನು ಏದುಸಿರು ಬಿಡುತ್ತದೆ. ಇಂಧನದ ಉಳಿತಾಯಕ್ಕಾಗಿ ಹಲವರು ಹಾಗೆ ಮಾಡಿರುವುದುಂಟು. ಅವರ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಳೆಗಾಲದಲ್ಲಿ ತೋಟದೊಳಗೆ ನಾಲ್ಕೈದು ಮೈಲಿ ಓಡುವ ಜೀಪಿಗೆ ಆ ಉಳಿತಾಯ ಎಷ್ಟರದು?

ಕಾಯಿದೆಯ ಮಾತೂ ಉಂಟು. ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದ ಮೇರೆಗೆ, ವಾಹನವನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. ಎಂಜಿನ್ ಬದಲಿಸುವ ಮುನ್ನ ನೋಂದಣಾಧಿಕಾರಿಯ ಅನುಮತಿಯನ್ನು ಪಡೆಯತಕ್ಕದ್ದು. 2021ರ ನಿಯಮಗಳಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಚಾಸಿಯೂ ಎಂಜಿನ್ನೂ ಮೂಲರೂಪದಲ್ಲಿರುವ ವಾಹನಕ್ಕೆ ವಿಂಟೇಜ್ ಎಂಬ ವಿಶೇಷ ನೋಂದಣಿಯೂ ದೊರೆಯುತ್ತದೆ. ಆದುದರಿಂದ ಓದುಗರಲ್ಲಿ ನನ್ನ ವಿನಂತಿಯಿಷ್ಟೆ: ನಿಮ್ಮ ಮಾಡಿನ ಕೆಳಗೆ ಇಂತಹ ಜೀಪೊಂದಿದ್ದು, ಅದರ ಎಂಜಿನ್ನನ್ನು ಎಂದೋ ಕಳಚಿ ಮೂಲೆಯಲ್ಲಿಟ್ಟಿದ್ದರೆ, ದಯವಿಟ್ಟು ಅದನ್ನು ತೂಕದ ಲೆಕ್ಕಕ್ಕೆ ಮಾರಬೇಡಿ, ಸಿಲಿಂಡರುಗಳಿಗೆ ಒಂದಿಷ್ಟು ಎಣ್ಣೆ ಹನಿಸಿ, ಟಾರ್ಪಾಲು ಹೊದಿಸಿ, ಮಳೆ ತಾಗದೆಡೆಯಲ್ಲಿ ಇರಿಸಿ.