ಮಾರ್ಚ್ ತಿಂಗಳ ಭಾರ ಹೊರುವವರಾರು?

ಸರ್ಕಾರಿ ಕಚೇರಿಯೊಂದರ ನಿಜಸ್ವಭಾವವನ್ನು ಅರಿಯಬೇಕೆನ್ನುವವರು ಮಾರ್ಚ್ ತಿಂಗಳ ಕೊನೆಯ ವಾರ ಅಲ್ಲಿಗೆ ಹೋಗಬೇಕು. ಹನ್ನೊಂದು ತಿಂಗಳು ತೆವಳಿದ ಕಡತಗಳಿಗೆ ಆಗ ರೆಕ್ಕೆ ಮೂಡಿರುತ್ತದೆ. 31ರೊಳಗೆ ಖರ್ಚಾಗದ ಅನುದಾನ ವ್ಯಪಗತವಾಗುತ್ತದೆ. ಕೊಟ್ಟದ್ದನ್ನೇ ಖರ್ಚು ಮಾಡಲಿಲ್ಲವೆಂಬ ಷರಾದೊಡನೆ ಮುಂದಿನ ಆಯವ್ಯಯದಲ್ಲಿ ಕತ್ತರಿಯೂ ಬೀಳಬಹುದು.

ಇದಕ್ಕೆ ನೌಕರರ ಸೋಮಾರಿತನವೇ ಕಾರಣವೆಂಬುದು ಜನಪ್ರಿಯ ನಂಬಿಕೆ. ಮೂರು ದಶಕಗಳ ಸೇವೆಯಲ್ಲಿ ನಾನು ಕಂಡದ್ದು ಬೇರೆ. ಎಷ್ಟೋ ಯೋಜನೆಗಳ ಕೊನೆಯ ಕಂತಿನ ಬಿಡುಗಡೆ ಆದೇಶ ಕೈಸೇರುತ್ತಿದ್ದುದೇ ಫೆಬ್ರುವರಿಯಲ್ಲಿ. ಮೇಲಿನ ವಿಳಂಬ ಕೆಳಗಿಳಿಯುತ್ತಾ ಅವಸರವಾಗುತ್ತದೆ. ಸಚಿವಾಲಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲ್ಲೂಕಿಗೆ ಜಾರಿದ ಒತ್ತಡ ಕೊನೆಗೆ ಅಳತೆ ಪುಸ್ತಕ ಬರೆಯುವ ಕಿರಿಯ ಎಂಜಿನಿಯರನ ಲೇಖನಿಯ ಮೇಲೆ ಬಂದು ಕೂರುತ್ತದೆ.

ಜಿಲ್ಲೆಯೊಂದರ ಪ್ರಗತಿ ಪರಿಶೀಲನಾ ಸಭೆಯಲ್ಲಿ ಅಂಥ ಯುವಕನೊಬ್ಬ ಎದ್ದು ನಿಂತು, ‘ಸರ್, ಅರ್ಧ ರಸ್ತೆ ಮಾತ್ರ ಆಗಿದೆ. ಪೂರ್ತಿ ಅಳತೆ ಬರೆಯಲು ಆಗುವುದಿಲ್ಲ’ ಎಂದ. ಸಭೆ ಸ್ತಬ್ಧವಾಯಿತು. ಅವನ ಉಪವಿಭಾಗ ಪಟ್ಟಿಯ ತಳದಲ್ಲಿ ಉಳಿಯಿತು. ಅವನಿಗೆ ಕಾರಣ ಕೇಳುವ ನೋಟಿಸು ಹೋಯಿತು. ಶೇಕಡಾ ನೂರು ತೋರಿಸಿದ ನೆರೆಯ ಉಪವಿಭಾಗಕ್ಕೆ ಶ್ಲಾಘನೆ ದೊರೆಯಿತು. ಅಲ್ಲಿನ ರಸ್ತೆಯನ್ನು ನೋಡಿಬರಲು ಯಾರೂ ಹೋಗಲಿಲ್ಲ. ಮರುವರ್ಷದ ಸಭೆಯಲ್ಲಿ ಯಾರೂ ಎದ್ದು ನಿಲ್ಲಲಿಲ್ಲ. ಒಂದಿಡೀ ತಂಡ ಮೌನವನ್ನು ಕಲಿಯಲು ಒಂದು ನೋಟಿಸು ಸಾಕಾಯಿತು.

ಇನ್ನೂ ಜಾಣ ದಾರಿಯೊಂದಿದೆ. ಹಣವನ್ನು ಖಜಾನೆಯಿಂದ ಸೆಳೆದು ಠೇವಣಿ ಖಾತೆಯಲ್ಲಿರಿಸಿದರೆ ಕಾಗದದ ಮೇಲೆ ಖರ್ಚು ಮುಗಿದಂತೆ. ಮಹಾಲೇಖಪಾಲರ ವರದಿಗಳು ಇದನ್ನು ಮತ್ತೆ ಮತ್ತೆ ಆಕ್ಷೇಪಿಸಿವೆ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದ ಆರ್ಥಿಕ ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ಅಲ್ಲಿನ ಕೇಂದ್ರ ಸರ್ಕಾರದ ಖರೀದಿಗಳನ್ನು ಪರಿಶೀಲಿಸಿದ ಅರ್ಥಶಾಸ್ತ್ರಜ್ಞರಾದ ಜೆಫ್ರಿ ಲೀಬ್‌ಮನ್ ಮತ್ತು ನೀಲ್ ಮಹೋನಿ, ಕೊನೆಯ ವಾರದ ವೆಚ್ಚ ಉಳಿದ ವಾರಗಳ ಸರಾಸರಿಯ 4.9 ಪಟ್ಟು ಎಂದು 2017ರಲ್ಲಿ ಪ್ರಕಟಿಸಿದರು. ಆ ವಾರ ಒಪ್ಪಂದವಾದ ಮಾಹಿತಿ ತಂತ್ರಜ್ಞಾನ ಯೋಜನೆಗಳ ಗುಣಮಟ್ಟವೂ ಕಳಪೆಯಾಗಿತ್ತು. ಆದರೆ ಉಳಿಕೆ ಹಣವನ್ನು ಮುಂದಿನ ವರ್ಷಕ್ಕೆ ಒಯ್ಯುವ ಅವಕಾಶವಿದ್ದ ನ್ಯಾಯ ಇಲಾಖೆಯಲ್ಲಿ ಈ ಕುಸಿತ ಕಾಣಲಿಲ್ಲ. ನೌಕರರು ಅದೇ ದೇಶದವರು. ನಿಯಮ ಮಾತ್ರ ಬೇರೆ.

ನಮ್ಮಲ್ಲಿ ಉಪದೇಶಕ್ಕೆ ಕೊರತೆಯಿಲ್ಲ. ವರ್ಷಾಂತ್ಯದ ವೆಚ್ಚದ ಧಾವಂತ ಹಣಕಾಸಿನ ಔಚಿತ್ಯಕ್ಕೆ ವಿರುದ್ಧವೆಂದು ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು 2005ರಲ್ಲಿ ಸಾರಿದವು. 2017ರ ಪರಿಷ್ಕರಣೆಯಲ್ಲೂ ಅದೇ ಮಾತಿದೆ. ಕೊನೆಯ ತ್ರೈಮಾಸಿಕಕ್ಕೆ ಶೇ 33, ಮಾರ್ಚ್‌ಗೆ ಶೇ 15 ಎಂಬ ಮಿತಿಯನ್ನೂ ಕೇಂದ್ರ ಹಣಕಾಸು ಸಚಿವಾಲಯ ವಿಧಿಸಿತು. ಹಣ ಸಕಾಲಕ್ಕೆ ಬಾರದಿದ್ದರೆ ಇಂಥ ಮಿತಿ ಕೆಳಗಿನವನಿಗೆ ಇನ್ನೊಂದು ಒತ್ತಡ, ಅಷ್ಟೆ.

ನಡೆಯುತ್ತಿರುವ ಕಾಮಗಾರಿಯ ಉಳಿಕೆ ಹಣವನ್ನಾದರೂ ಮರುವರ್ಷಕ್ಕೆ ಒಯ್ಯಲು ಬಿಡಬೇಕು. ಅಲ್ಲಿಯವರೆಗೆ ಪ್ರಗತಿ ಪರಿಶೀಲನೆಯ ನಮೂನೆಯಲ್ಲಿ, ಶೇಕಡಾವಾರು ವೆಚ್ಚದ ಪಕ್ಕದಲ್ಲಿಯೇ, ಬಿಡುಗಡೆ ಆದೇಶ ತಲುಪಿದ ದಿನಾಂಕಕ್ಕೂ ಒಂದು ಅಂಕಣವಿರಲಿ. ಅದನ್ನು ತುಂಬುವ ಕೆಲಸ ತಾಲ್ಲೂಕಿನದು; ಅದಕ್ಕೆ ಉತ್ತರ ಹೇಳಬೇಕಾದವರು ಸಚಿವಾಲಯದಲ್ಲಿರುತ್ತಾರೆ.